ಕ್ಯಾಮೆರಾದಿಂದ ಇಳಿಸಿದ ಫ್ಲ್ಯಾಷ್



ಕ್ಯಾಮೆರಾದ ತಲೆಯಿಂದ ಇಳಿಸಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಫ್ಲ್ಯಾಷಿನಲ್ಲಿ ತೆಗೆದ ಪ್ರತಿ ಚಿತ್ರದಲ್ಲೂ ಎರಡು ಎಕ್ಸ್‌ಪೋಷರ್ ಸೇರಿಕೊಂಡಿರುತ್ತವೆ. ಒಂದು, ಅಲ್ಲಿ ಮೊದಲೇ ಇದ್ದ ಆಕಾಶದ್ದೋ ಬೀದಿದೀಪದ್ದೋ ಬೆಳಕು. ಶಟರ್ ತೆರೆದಿರುವಷ್ಟು ಹೊತ್ತೂ ಅದು ಒಳಗೆ ಬರುತ್ತಲೇ ಇರುತ್ತದೆ. ಇನ್ನೊಂದು ಫ್ಲ್ಯಾಷಿನದು, ಶಟರ್ ಮುಚ್ಚುವ ಮೊದಲೇ ಬಂದು ಮುಗಿದಿರುತ್ತದೆ. ಆದ್ದರಿಂದ ಶಟರ್ ವೇಗ ಬದಲಿಸಿದರೆ ಹಿನ್ನೆಲೆ ಬದಲಾಗುತ್ತದೆ, ಫ್ಲ್ಯಾಷ್ ಬಿದ್ದ ಮುಖ ಹಾಗೇ ಇರುತ್ತದೆ. ಫ್ಲ್ಯಾಷಿನ ಶಕ್ತಿಯನ್ನೋ ದೂರವನ್ನೋ ಬದಲಿಸಿದರೆ ಮುಖ ಬದಲಾಗುತ್ತದೆ, ಹಿನ್ನೆಲೆ ಅಲುಗುವುದಿಲ್ಲ. ಅಪರ್ಚರ್ ಮತ್ತು ಐಎಸ್‌ಒ ಎರಡನ್ನೂ ಒಟ್ಟಿಗೆ ಎಳೆದಾಡುತ್ತವೆ. ಹೊಸಬರ ಗೊಂದಲದಲ್ಲಿ ಮುಕ್ಕಾಲು ಪಾಲು ಈ ಕೊನೆಯ ಎರಡನ್ನು ಕೆಲಸದ ನಡುವೆ ತಿರುಗಿಸುವುದರಿಂದ ಹುಟ್ಟಿದ್ದು.

ಶಟರಿಗೂ ಒಂದು ಗಡಿ ಇದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ಸೆಕೆಂಡಿನವರೆಗೆ ಮಾತ್ರ ಎರಡೂ ಪರದೆಗಳು ಸರಿದು ಸೆನ್ಸರ್ ಪೂರ್ತಿ ಬಯಲಾಗುವ ಕ್ಷಣವೊಂದು ಸಿಗುತ್ತದೆ. ಅದಕ್ಕಿಂತ ವೇಗದಲ್ಲಿ ಒಂದು ಸೀಳು ಮಾತ್ರ ಸೆನ್ಸರಿನ ಮೇಲೆ ಹಾದುಹೋಗುತ್ತದೆ. ಚಿತ್ರದ ಒಂದು ಬದಿಗೆ ಕಪ್ಪು ಪಟ್ಟಿ ಬೀಳುವುದು ಅದಕ್ಕೇ. ಹೈಸ್ಪೀಡ್ ಸಿಂಕ್ ಇದನ್ನು ದಾಟಿಸುತ್ತದೆ, ನಿಜ. ಆದರೆ ಫ್ಲ್ಯಾಷಿನ ಶಕ್ತಿಯಲ್ಲಿ ದೊಡ್ಡ ಪಾಲು ಅಲ್ಲೇ ಸೋರಿಹೋಗುತ್ತದೆ. ಅಭ್ಯಾಸದ ದಿನಗಳಲ್ಲಿ ಅದನ್ನು ಮುಟ್ಟದಿರುವುದೇ ಲೇಸು.

ಕರಾವಳಿಯ ಬಯಲಿನಲ್ಲಿ ಯಕ್ಷಗಾನದ ಮೇಳ ಬೀಡುಬಿಟ್ಟಿದೆ, ವೇಷ ಕಟ್ಟಿಕೊಂಡ ಕಲಾವಿದರೊಬ್ಬರು ಚೌಕಿಯಿಂದ ಹೊರಬಂದು ನಿಂತಿದ್ದಾರೆ ಎಂದಿಟ್ಟುಕೊಳ್ಳಬಹುದು. ಸೂರ್ಯ ಮುಳುಗಿದ ಮೇಲೆ ಆಕಾಶಕ್ಕೆ ಗಾಢ ನೀಲಿ ಇರುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಮೊದಲ ಚಿತ್ರವನ್ನು ಫ್ಲ್ಯಾಷ್ ಆರಿಸಿಯೇ ತೆಗೆಯಬೇಕು. ಐಎಸ್‌ಒ 400, ಎಫ್ 5.6, 1/60ರಲ್ಲಿ ಆಕಾಶ ಕಣ್ಣಿಗೆ ಕಂಡಂತೆಯೇ ಬಂದರೆ 1/125ಕ್ಕೆ ಹೋಗಬೇಕು. ಒಂದು ಸ್ಟಾಪ್ ಇಳಿದು ನೀಲಿ ಗಟ್ಟಿಯಾಗುತ್ತದೆ, ಕಲಾವಿದರು ಬರೀ ಕಪ್ಪು ಆಕೃತಿಯಾಗುತ್ತಾರೆ. ಆ ಕಪ್ಪು ಕಂಡು ಗಾಬರಿಯಾಗಿ ಐಎಸ್‌ಒ ಏರಿಸುವವರೇ ಹೆಚ್ಚು. ಅದನ್ನು ತುಂಬುವುದು ಫ್ಲ್ಯಾಷಿನ ಕೆಲಸ.

ಫ್ಲ್ಯಾಷಿನ ಲೆಕ್ಕಕ್ಕೆ ಅದರ ಪೂರ್ಣ ಶಕ್ತಿಯನ್ನು ಹೇಳುವ ಗೈಡ್ ನಂಬರ್ ಸಾಕು, ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತದೆ. ಐಎಸ್‌ಒ 100ರಲ್ಲಿ ಅದು 32 ಮೀಟರ್ ಇದ್ದರೆ 400ರಲ್ಲಿ 64. ಬಿಳಿ ಛತ್ರಿಯ ಮೂಲಕ ಹಾಯಿಸಿದಾಗ ಸುಮಾರು ಎರಡು ಸ್ಟಾಪ್ ನಷ್ಟವಾಗಿ ಮತ್ತೆ 32ಕ್ಕೆ ಬರುತ್ತದೆ. ಎರಡು ಮೀಟರ್ ದೂರದಿಂದ ಭಾಗಿಸಿದರೆ ಎಫ್ 16. ಬೇಕಾದದ್ದು ಎಫ್ 5.6, ಅಂದರೆ ಮೂರು ಸ್ಟಾಪ್ ಕಡಿಮೆ. ಫ್ಲ್ಯಾಷನ್ನು 1/8ಕ್ಕೆ ಇಟ್ಟರಾಯಿತು. ಛತ್ರಿಯಿಂದ ಛತ್ರಿಗೆ ನಷ್ಟ ಬೇರೆ, ಆದ್ದರಿಂದ ಒಂದು ಪರೀಕ್ಷಾ ಚಿತ್ರ ತೆಗೆದು ಅತ್ತಿತ್ತ ಸರಿಪಡಿಸುವುದು ಇದ್ದೇ ಇದೆ. ಆಮೇಲೆ ಕತ್ತಲು ಏರಿದಂತೆ 1/60, 1/30 ಎಂದು ಶಟರನ್ನಷ್ಟೇ ಇಳಿಸುತ್ತ ಹೋದರೆ ಆಕಾಶ ಜೊತೆಗೇ ಬರುತ್ತದೆ, ಮುಖ ನಿಂತಲ್ಲೇ ನಿಂತಿರುತ್ತದೆ.

ಇಲ್ಲಿ ಕೈಕೊಡುವುದು ದೂರ. ಕಲಾವಿದರು ಎರಡು ಮೀಟರಿನಿಂದ 1.4 ಮೀಟರಿಗೆ ಸರಿದರೂ ಬೆಳಕು ಇಮ್ಮಡಿ. ನಾಲ್ಕು ಮೀಟರಿಗೆ ಹೋದರೆ ಕಾಲು ಭಾಗ. ಸ್ಟ್ಯಾಂಡಿಗೆ ಒಂದು ದಾರ ಕಟ್ಟಿ ಎರಡು ಮೀಟರಿನಲ್ಲಿ ಗಂಟು ಹಾಕಿಟ್ಟರೆ ಅಳೆಯುವ ತಾಪತ್ರಯವಿಲ್ಲ. ಕಡಲಗಾಳಿಗೆ ಛತ್ರಿ ಹಾಯಿಯಂತೆ ಉಬ್ಬುವುದರಿಂದ ಅದೇ ಸ್ಟ್ಯಾಂಡಿಗೆ ಮರಳು ತುಂಬಿದ ಚೀಲವೊಂದನ್ನೂ ತೂಗುಹಾಕಬೇಕು. ಇನ್ನು ಬೇಗಡೆ ಹಚ್ಚಿದ ಕಿರೀಟ, ಭುಜಕೀರ್ತಿ, ಎದೆಪದಕಗಳು ಬೆಳಕನ್ನು ನೇರ ಲೆನ್ಸಿಗೇ ತಿರುಗಿಸಿ ಎಸೆಯುತ್ತವೆ. ಫ್ಲ್ಯಾಷನ್ನು 45 ಡಿಗ್ರಿ ಬದಿಗೆ ಸರಿಸಿದರೆ ಚಿನ್ನದ ಬಣ್ಣ ಉಳಿಯುತ್ತದೆ. ತೀರ ಎತ್ತರಕ್ಕೆ ಏರಿಸಿದರೆ ಕಿರೀಟದ ನೆರಳು ಕಣ್ಣಿನ ಮೇಲೆ ಬಿದ್ದು ಬಣ್ಣಗಾರಿಕೆಯೆಲ್ಲ ವ್ಯರ್ಥ.

ಬಣ್ಣವನ್ನೂ ಹೊಂದಿಸಬಹುದು. ಫ್ಲ್ಯಾಷಿನ ಬೆಳಕು ಸುಮಾರು 5500 ಕೆಲ್ವಿನ್. ಅದರ ಬಾಯಿಗೆ ಅರ್ಧ ಸಿಟಿಒ ಎಂಬ ಕಿತ್ತಳೆ ಹಾಳೆ ಅಂಟಿಸಿದರೆ 3800ರ ಹತ್ತಿರ ಇಳಿಯುತ್ತದೆ. ವೈಟ್ ಬ್ಯಾಲೆನ್ಸನ್ನೂ ಅಲ್ಲಿಗೇ ಇಟ್ಟಾಗ ಮುಖ ಸಹಜವಾಗಿಯೇ ಇರುತ್ತದೆ, ಆಕಾಶ ಮಾತ್ರ ಇನ್ನಷ್ಟು ನೀಲಿಗಟ್ಟುತ್ತದೆ. ಹಾಳೆ ಅರ್ಧ ಸ್ಟಾಪಿನಷ್ಟು ಬೆಳಕು ತಿನ್ನುತ್ತದೆ, ಅಷ್ಟು ಶಕ್ತಿ ಏರಿಸಬೇಕು.

ನಡುಮಧ್ಯಾಹ್ನದ ಬಿಸಿಲಿನಲ್ಲಿ ಈ ಆಟ ನಡೆಯದು. ಐಎಸ್‌ಒ 100, 1/200ರಲ್ಲಿ ಬಿಸಿಲಿಗೇ ಎಫ್ 11 ಬೇಕು. ಅದೇ ಫ್ಲ್ಯಾಷ್ ಛತ್ರಿಯಿಲ್ಲದೆ, ಪೂರ್ಣ ಶಕ್ತಿಯಲ್ಲಿ, ಮೂರು ಮೀಟರಿನೊಳಗೆ ಮಾತ್ರ ಬಿಸಿಲಿಗೆ ಸಮನಾಗುತ್ತದೆ. ನೆರಳು ಹುಡುಕುವುದು ಸುಲಭ. ಇನ್ನು ಫ್ಲ್ಯಾಷಿನ ಶಕ್ತಿಯನ್ನು ಕ್ಯಾಮೆರಾವೇ ಅಳೆದು ನಿರ್ಧರಿಸುವ ಟಿಟಿಎಲ್ ಬೇಕಾಗುವುದು ದಿಬ್ಬಣದ ಹಾಗೆ ಜನ ಓಡಾಡುವ ಕಡೆ. ನಿಂತ ವೇಷಕ್ಕೆ ಅದು ಬೇಡ. ಎದೆಪದಕ ಮಿಂಚಿದಾಗೊಮ್ಮೆ ಬೆಳಕು ತಗ್ಗಿಸಿ ಪ್ರತಿ ಚಿತ್ರಕ್ಕೂ ಒಂದೊಂದು ಲೆಕ್ಕ ಕೊಡುತ್ತದೆ.

ಆಕಾಶ ಪೂರ್ತಿ ಕಪ್ಪಾದ ಮೇಲೆ ಹಿನ್ನೆಲೆಯಲ್ಲಿ ಉಳಿಯುವುದು ಚೌಕಿಯ ಬಲ್ಬುಗಳಷ್ಟೇ. ಅವು ಕಾಣಬೇಕಾದರೆ ಶಟರ್ 1/15ಕ್ಕೆ ಇಳಿಯಬೇಕಾಗುತ್ತದೆ. ಬಲ್ಬಿನ ಬೆಳಕು ಕಲಾವಿದರ ಮೇಲೂ ಬೀಳುತ್ತಿದ್ದರೆ, ಫ್ಲ್ಯಾಷ್ ಹಿಡಿದಿಟ್ಟ ಮುಖದ ಪಕ್ಕದಲ್ಲೇ ಅಲುಗಿದ ಮಸುಕು ಮೂಡುತ್ತದೆ. ಅವರನ್ನು ಎರಡು ಹೆಜ್ಜೆ ಕತ್ತಲಿಗೆ ಸರಿಸಿ ನಿಲ್ಲಿಸಬೇಕು. ಕುಣಿತದ ಸುತ್ತನ್ನೇ ಹಿಡಿಯುವುದಾದರೆ ಎರಡನೇ ಪರದೆಯ ಸಿಂಕ್ ಒತ್ತಿಕೊಳ್ಳಬೇಕು. ಆಗ ಮಸುಕು ವೇಷದ ಮುಂದೆ ಬೀಳದೆ ಹಿಂದಿನಿಂದ ಬರುತ್ತದೆ.