ತಿಸ್ವಾಡಿ ಯಾವ ಗುಂಪಿಗೆ? ಚಾರ್ಟಿನಲ್ಲಿ ಕ್ವಾರ್ಟೈಲ್ ಹಾಕುವ ಬಗೆ

2011ರ ಜನಗಣತಿಯಂತೆ ಗೋವಾದ ಜನಸಂಖ್ಯೆ 14,58,545. ಆ ಪಟ್ಟಿಯ 11 ತಾಲ್ಲೂಕುಗಳಲ್ಲಿ ಮಡಗಾಂವ್ ಇರುವ ಸಾಷ್ಟಿಯದು 2,94,464 ಜನ. ಕಾರವಾರಕ್ಕೆ ಅಂಟಿಕೊಂಡ ಕಾಣಕೋಣದ್ದು ಬರೀ 45,172. ಇವನ್ನು ದೊಡ್ಡವು, ಚಿಕ್ಕವು ಎಂದು ನಾಲ್ಕು ಬಣ್ಣಗಳಲ್ಲಿ ತೋರಿಸಲು ಬಳಸುವ ವಿಧಾನವೇ ಕ್ವಾರ್ಟೈಲ್. ಅಂಗಡಿಯ ಮಾರಾಟ, ಹೋಟೆಲ್ ಬುಕಿಂಗ್ ವರದಿಗಳಿಗೂ ಇದೇ ದಾರಿ.

ಎಕ್ಸೆಲ್‌ನ ಎ ಕಾಲಂನಲ್ಲಿ ಹೆಸರು, ಬಿ ಕಾಲಂನಲ್ಲಿ ಸಂಖ್ಯೆ ತುಂಬಿ, ಚಿಕ್ಕದರಿಂದ ದೊಡ್ಡದಕ್ಕೆ ಸಾರ್ಟ್ ಮಾಡಿ. ಕಾಣಕೋಣದ ನಂತರ ಸತ್ತರಿ 63,817, ಸಾಂಗೆ 65,147, ಪೆಡ್ನೆ 75,747, ಕೇಪೆ 81,193, ಡಿಚೋಲಿ 97,955, ವಾಸ್ಕೋ ಇರುವ ಮುರಗಾಂವ್ 1,54,561, ಫೋಂಡಾ 1,65,830, ಪಣಜಿ ಇರುವ ತಿಸ್ವಾಡಿ 1,77,219, ಬಾರ್ದೇಶ 2,37,440, ಕೊನೆಗೆ ಸಾಷ್ಟಿ. ಎಲ್ಲವನ್ನೂ ಕೂಡಿ ನೋಡಿ. ರಾಜ್ಯದ ಒಟ್ಟು ಬರದಿದ್ದರೆ ಎಲ್ಲೋ ಅಂಕಿ ತಪ್ಪಾಗಿದೆ.

ಇನ್ನು ಗೆರೆ ಎಳೆಯುವ ಕೆಲಸ. ನಡುವಿನದು ಸುಲಭ: ಹನ್ನೊಂದರಲ್ಲಿ ಆರನೆಯದು, ಅಂದರೆ ಡಿಚೋಲಿ. ತಕರಾರು ಇರುವುದು ಅದರ ಆಚೀಚಿನ ಎರಡು ಗೆರೆಗಳಲ್ಲಿ, ಏಕೆಂದರೆ ಎಕ್ಸೆಲ್‌ನಲ್ಲಿ ಅದಕ್ಕೆ ಎರಡು ಸೂತ್ರಗಳಿವೆ. ಕ್ವಾರ್ಟೈಲ್ ಡಾಟ್ ಇಎಕ್ಸ್‌ಸಿ ಮೂರನೆಯ ಮತ್ತು ಒಂಬತ್ತನೆಯ ಸ್ಥಾನಕ್ಕೇ ಹೋಗಿ 65,147 ಮತ್ತು 1,77,219 ಕೊಡುತ್ತದೆ. ಕ್ವಾರ್ಟೈಲ್ ಡಾಟ್ ಐಎನ್‌ಸಿ ಎರಡು ತಾಲ್ಲೂಕುಗಳ ನಡುವೆ ನಿಂತು 70,447 ಮತ್ತು 1,71,524.5 ಕೊಡುತ್ತದೆ.

ಗೆರೆಗೆ ಸಮನಾದದ್ದು ಕೆಳಗಿನ ಗುಂಪಿಗೆ ಎಂಬ ನಿಯಮ ಇಟ್ಟುಕೊಂಡರೆ, ಮೊದಲ ಸೂತ್ರದಲ್ಲಿ ತಿಸ್ವಾಡಿ ಮೂರನೆಯ ಗುಂಪಿನಲ್ಲೇ ಉಳಿಯುತ್ತದೆ. ಎರಡನೆಯದರಲ್ಲಿ ಬಾರ್ದೇಶ, ಸಾಷ್ಟಿಗಳ ಜತೆ ಮೇಲಿನ ಗುಂಪು ಸೇರುತ್ತದೆ. ರಾಜಧಾನಿಯ ತಾಲ್ಲೂಕಿನ ಬಣ್ಣವೇ ಬದಲಾಯಿತು. ಅಲ್ಲಿ ಒಬ್ಬ ಮನುಷ್ಯನೂ ಹೆಚ್ಚಿಲ್ಲ, ಕಡಿಮೆಯಾಗಿಲ್ಲ. ಡೇಟಾಬೇಸ್‌ನಲ್ಲಿ ಎನ್‌ಟೈಲ್ ಬಳಸುವವರು ಇನ್ನೂ ಎಚ್ಚರವಾಗಿರಬೇಕು. ಅದು ಮೌಲ್ಯ ನೋಡದೆ ಸಾಲನ್ನಷ್ಟೇ 3, 3, 3, 2 ಎಂದು ಹಂಚುತ್ತದೆ. ಇಳಿಕೆ ಕ್ರಮದಲ್ಲಿ ಜೋಡಿಸಿದರೆ ತಿಸ್ವಾಡಿ ಮೇಲಿನ ಮೂವರಲ್ಲಿ, ಏರಿಕೆಯಲ್ಲಿ ಜೋಡಿಸಿದರೆ ಮೂರನೆಯ ಗುಂಪಿನಲ್ಲಿ. ಪವರ್ ಬಿಐನ ಪರ್ಸೆಂಟೈಲ್ ಸೂತ್ರಗಳಲ್ಲೂ ಇಎಕ್ಸ್‌ಸಿ, ಐಎನ್‌ಸಿ ಎರಡೂ ಇವೆ. ಯಾವುದಾದರೂ ಸರಿ, ಆದರೆ ಒಂದೇ ವರದಿಯ ಎಲ್ಲ ಚಾರ್ಟ್‌ಗಳಿಗೂ ಅದೇ ಇರಲಿ.

ಸಿ ಕಾಲಂನಲ್ಲಿ ಇಫ್ ಸೂತ್ರದಿಂದ 1ರಿಂದ 4ರವರೆಗೆ ಗುಂಪಿನ ಸಂಖ್ಯೆ ಬರೆದು, ಅದಕ್ಕೆ ಒಂದೇ ಬಣ್ಣದ ತಿಳಿಯಿಂದ ಗಾಢದವರೆಗಿನ ನಾಲ್ಕು ಛಾಯೆ ಕೊಡಿ. ಕೆಂಪು–ಹಸಿರು ಬೇಡ, ಚಿಕ್ಕ ತಾಲ್ಲೂಕು ಎಂದರೆ ಕೆಟ್ಟ ತಾಲ್ಲೂಕು ಅಲ್ಲ.

ಕ್ವಾರ್ಟೈಲ್ ಹೇಳದ ಸಂಗತಿಯೂ ಇದೆ: ಅಂತರ. ಡಿಚೋಲಿಯಿಂದ ಮುರಗಾಂವ್‌ಗೆ ಒಮ್ಮೆಗೇ 56,606 ಜನರ ಜಿಗಿತ. ಸತ್ತರಿ–ಸಾಂಗೆ ನಡುವೆ ಬರೀ 1,330. ಮೇಲಿನ ಮೂರು ತಾಲ್ಲೂಕುಗಳಲ್ಲೇ ರಾಜ್ಯದ ಸುಮಾರು ಶೇ 48.6 ಜನ ಇದ್ದಾರೆ. ಹಾಗಾಗಿ ಬಣ್ಣದ ಜತೆಗೆ ಪಟ್ಟಿಯ ಮೇಲೆ ಅಸಲು ಸಂಖ್ಯೆಯನ್ನೂ ಮುದ್ರಿಸಬೇಕು. ಕೆಳಗೆ ಗಣತಿಯ ವರ್ಷ, ಬಳಸಿದ ಸೂತ್ರ, ಗೆರೆಗೆ ಸಮನಾದದ್ದು ಯಾವ ಗುಂಪಿಗೆ ಎಂಬುದು ಒಂದೇ ಸಾಲಿನಲ್ಲಿ ಇದ್ದರೆ ಸಾಕು.

ಮುಖ್ಯವಾಗಿ ಸಾಂಗೆಯಿಂದ ಒಡೆದು ಬಂದ ಧಾರಬಾಂದೋಡಾ ಸೇರಿ ಈಗ ಗೋವಾದಲ್ಲಿ 12 ತಾಲ್ಲೂಕುಗಳಿವೆ. ಹೊಸ ಪಟ್ಟಿ ಮಾಡುವಾಗ ಸಾಂಗೆಯ ಹಳೆಯ 65,147ನ್ನು ಹಾಗೇ ಎತ್ತಿ ಹಾಕಬೇಡಿ.