ದಿನ ಮೊದಲೋ, ತಿಂಗಳು ಮೊದಲೋ?

ಅವತ್ತು 2025ರ ಜುಲೈ 25. ಶ್ರಾವಣದ ಮೊದಲ ಶುಕ್ರವಾರ. ಊರಿನ ಸ್ತ್ರೀಶಕ್ತಿ ಸಂಘದ ಸಭೆ ಸೇರಿತ್ತು. ಈ ಸಂಘದ ಸಭೆ ಯಾವಾಗಲೂ ಶುಕ್ರವಾರವೇ.

ಲೆಕ್ಕ ಬರೆಯುವ ಹುಡುಗಿ ಕಂಪ್ಯೂಟರಿನಿಂದ ಒಂದು ಹಾಳೆ ತೆಗೆದು ತಂದಿದ್ದಳು. ಸಾಲದ ಕಂತನ್ನು ಯಾರು ಯಾವತ್ತು ಕಟ್ಟಿದರು ಎಂಬ ಪಟ್ಟಿ ಅದು. ಹಾಳೆ ನೋಡಿ ಹೇಳಿದಳು:

"ಹೂವಿನಕ್ಕ, ನಿಮ್ಮ ಜುಲೈ ಕಂತು ಬಂದಿಲ್ಲ."

ಹೂ ಮಾರುವ ಅಕ್ಕನ ಎದೆ ಧಸಕ್ಕೆಂದಿತು.

"ಕಟ್ಟಿದೀನಿ ಕಣಮ್ಮ! ನೀವೆಲ್ಲ ಹದಿನೆಂಟನೇ ತಾರೀಕು ಕಟ್ಟಿದಿರಿ. ನಾನು ನಾಲ್ಕನೇ ತಾರೀಕೇ ಕಟ್ಟಿದೆ. ಅವತ್ತು ಆಷಾಢ ಶುಕ್ರವಾರ. ಗುಡಿ ಮುಂದೆ ಹೂವು ಚೆನ್ನಾಗಿ ಹೋಗಿತ್ತು. ಬಂದ ಕಾಸಲ್ಲಿ ಐನೂರು ಎತ್ತಿಟ್ಟು ತಂದುಕೊಟ್ಟೆ."

"ಹಾಳೆಯಲ್ಲಿ ಇಲ್ಲವಲ್ಲಕ್ಕ. ಕಂಪ್ಯೂಟರ್ ಸುಳ್ಳು ಹೇಳುತ್ತಾ?"

ಒಬ್ಬಿಬ್ಬರು ಗುಸುಗುಸು ಮಾತಾಡಿಕೊಂಡರು. ಹೂವಿನಕ್ಕನ ಕಣ್ಣಲ್ಲಿ ನೀರು ಬಂತು. ಆದರೆ ಆಕೆ ಎದ್ದು ಹೋಗಲಿಲ್ಲ. ಓದು ಬರಹ ಕಲಿತು ಇನ್ನೂ ಒಂದು ವರ್ಷ. ಆದರೂ ಧೈರ್ಯವಾಗಿ ಕೇಳಿದಳು:

"ನನ್ನ ಹೆಸರಿನ ಮುಂದೆ ಏನೇನಿದೆ, ಪೂರ್ತಿ ಓದಮ್ಮ."

ಹುಡುಗಿ ಓದಿದಳು: "ಏಪ್ರಿಲ್ 4, ಐನೂರು ರೂಪಾಯಿ. ಏಪ್ರಿಲ್ 7, ಐನೂರು ರೂಪಾಯಿ..."

"ನಿಲ್ಲಿಸು. ಒಂದೇ ತಿಂಗಳಲ್ಲಿ ಎರಡು ಕಂತು ನಾನ್ಯಾಕೆ ಕಟ್ಟಲಿ?"

ಹೂವಿನಕ್ಕ ಗೋಡೆಯ ಕ್ಯಾಲೆಂಡರ್ ಹತ್ತಿರ ಹೋದಳು. ಏಪ್ರಿಲ್ ತಿಂಗಳು ತಿರುವಿದಳು. 7ರ ಮೇಲೆ ಬೆರಳಿಟ್ಟಳು.

"ಏಪ್ರಿಲ್ 7 ಸೋಮವಾರ. ಸೋಮವಾರ ನಮ್ಮ ಸಂಘ ಯಾವತ್ತು ಸೇರಿತ್ತು?"

ಎಲ್ಲರೂ ಸುಮ್ಮನಾದರು. ಹೂವಿನಕ್ಕ ಚೀಲದಿಂದ ಪಾಸ್ ಪುಸ್ತಕ ತೆಗೆದಳು. ಅದರಲ್ಲಿ ಹೀಗೆ ಬರೆದಿತ್ತು: 4/7/2025, ರೂ. 500. ಪಕ್ಕದಲ್ಲಿ ಆಕೆಯದೇ ಸಹಿ.

ಹುಡುಗಿ ಪುಸ್ತಕ ನೋಡಿದಳು. ಹಾಳೆ ನೋಡಿದಳು. ನಾಲಿಗೆ ಕಚ್ಚಿಕೊಂಡಳು. "ತಪ್ಪಾಯ್ತು ಅಕ್ಕ. ನಾನು ಬರೆದದ್ದು ಜುಲೈ 4. ಕಂಪ್ಯೂಟರ್ ಅದನ್ನು ಏಪ್ರಿಲ್ 7 ಅಂತ ಓದಿಕೊಂಡಿದೆ!"

ಹೀಗೇಕೆ ಆಯಿತು?

ನಾವು ತಾರೀಕು ಬರೆಯುವಾಗ ಮೊದಲು ದಿನ ಬರೆಯುತ್ತೇವೆ. ಆಮೇಲೆ ತಿಂಗಳು. ಕೊನೆಗೆ ವರ್ಷ. ಅಮೆರಿಕದವರು ಮೊದಲು ತಿಂಗಳು ಬರೆಯುತ್ತಾರೆ. ಆಮೇಲೆ ದಿನ. ಸಂಘದ ಕಂಪ್ಯೂಟರಿನಲ್ಲಿ ಅಮೆರಿಕದ ಪದ್ಧತಿ ಇತ್ತು. ಅದನ್ನು ಯಾರೂ ಬದಲಿಸಿರಲಿಲ್ಲ.

ಬೇರೆಯವರ ಲೆಕ್ಕ ಯಾಕೆ ಕೆಡಲಿಲ್ಲ? ಅವರು ಕಟ್ಟಿದ್ದು 18/7. ವರ್ಷಕ್ಕೆ ಹನ್ನೆರಡೇ ತಿಂಗಳು. 18ನೇ ತಿಂಗಳು ಇಲ್ಲ. ಅದಕ್ಕೇ ಕಂಪ್ಯೂಟರ್ ಅದನ್ನು ಬರೆದ ಹಾಗೇ ಬಿಟ್ಟಿತು. ಹೂವಿನಕ್ಕನ ಏಪ್ರಿಲ್ ಕಂತು 4/4. ತಿರುಗಿಸಿ ಓದಿದರೂ ಅದೇ ತಾರೀಕು. 4/7 ಮಾತ್ರ ಅದಲುಬದಲಾಯಿತು. ಕಂಪ್ಯೂಟರ್ ಸುಳ್ಳು ಹೇಳಲಿಲ್ಲ. ಹೇಳಿಕೊಟ್ಟ ಹಾಗೆ ಓದಿತು, ಅಷ್ಟೆ.

ಪತ್ತೆ ಹಚ್ಚುವುದು ಹೇಗೆ?

ಕಂಪ್ಯೂಟರ್ ಪರದೆಯ ಕೆಳಗಿನ ಮೂಲೆ ನೋಡಿ. ಅಲ್ಲಿ ಗಡಿಯಾರ ಮತ್ತು ತಾರೀಕು ಇರುತ್ತದೆ. ಅವತ್ತು ಅಲ್ಲಿ 7/25/2025 ಎಂದಿತ್ತು. 25 ತಿಂಗಳಾಗಲು ಸಾಧ್ಯವಿಲ್ಲ. ಅಂದರೆ ತಿಂಗಳು ಮೊದಲು ಬಂದಿದೆ ಎಂದು ಗೊತ್ತಾಗುತ್ತದೆ.

ಸರಿಪಡಿಸುವುದು ಹೇಗೆ?

ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ 'ಸೆಟ್ಟಿಂಗ್ಸ್' ತೆರೆಯಬೇಕು. 'ಟೈಮ್ ಅಂಡ್ ಲ್ಯಾಂಗ್ವೇಜ್' ಒತ್ತಬೇಕು. ಅದರೊಳಗೆ 'ರೀಜನಲ್ ಫಾರ್ಮ್ಯಾಟ್' ಎಂದಿರುತ್ತದೆ. ಅಲ್ಲಿ 'ಇಂಗ್ಲಿಷ್ (ಇಂಡಿಯಾ)' ಆರಿಸಬೇಕು. ಕನ್ನಡವನ್ನೂ ಆರಿಸಬಹುದು. ಆಗ ಮೂಲೆಯ ಗಡಿಯಾರದಲ್ಲಿ ದಿನ ಮೊದಲು ಬರುತ್ತದೆ.

ಒಂದು ಮಾತು ನೆನಪಿಡಿ. ಪದ್ಧತಿ ಬದಲಿಸಿದರೆ ಹಳೆಯ ತಪ್ಪು ತಾನಾಗಿ ಹೋಗುವುದಿಲ್ಲ. ತಪ್ಪಾದ ತಾರೀಕನ್ನು ಪಾಸ್ ಪುಸ್ತಕ ನೋಡಿ ಮತ್ತೆ ಬರೆಯಬೇಕು. ಹುಡುಗಿ ಹಾಗೇ ಮಾಡಿದಳು.

ಗಂಟೆಯೂ ಹೀಗೆಯೇ

ಗಂಟೆ ತೋರಿಸುವುದರಲ್ಲೂ ಎರಡು ಪದ್ಧತಿ ಇದೆ. ಮಧ್ಯಾಹ್ನ ಎರಡೂವರೆಯನ್ನು 2:30 ಎಂದು ತೋರಿಸಬಹುದು. 14:30 ಎಂದೂ ತೋರಿಸಬಹುದು. ಗಂಟೆಯ ಅಂಕಿ 12ಕ್ಕಿಂತ ದೊಡ್ಡದಿದ್ದರೆ ಅದರಲ್ಲಿ 12 ಕಳೆಯಿರಿ. ನಮ್ಮ ಗಂಟೆ ಸಿಗುತ್ತದೆ. ರೈಲಿನ ಟಿಕೆಟ್‌ನಲ್ಲಿ 24 ಗಂಟೆಯ ಪದ್ಧತಿ ಇರುತ್ತದೆ. ಅಲ್ಲಿ 00:10 ಎಂದರೆ ನಡುರಾತ್ರಿ ಕಳೆದು ಹತ್ತು ನಿಮಿಷ. ಟಿಕೆಟ್‌ನಲ್ಲಿ 10ನೇ ತಾರೀಕು, 00:10 ಎಂದಿದ್ದರೆ 9ನೇ ತಾರೀಕು ರಾತ್ರಿಯೇ ಸ್ಟೇಷನ್‌ಗೆ ಹೋಗಬೇಕು. 10ನೇ ತಾರೀಕು ರಾತ್ರಿ ಹೋದರೆ ರೈಲು ಇರುವುದಿಲ್ಲ.

ಸಭೆ ಮುಗಿಯಿತು. ಹುಡುಗಿ ಹೊಸ ಹಾಳೆ ತೆಗೆದು ತಂದಳು. ಹೂವಿನಕ್ಕ ಅದನ್ನು ಸಾಲುಸಾಲಾಗಿ ಓದಿಸಿ ಕೇಳಿದಳು. ಪಾಸ್ ಪುಸ್ತಕದ ಜೊತೆ ತಾಳೆ ನೋಡಿದಳು. ಆಮೇಲೆ ಸಹಿ ಹಾಕಿದಳು.

"ಇನ್ನು ಮೇಲೆ ತಿಂಗಳನ್ನು ಅಂಕಿಯಲ್ಲಿ ಬರೀಬೇಡಮ್ಮ. ಹೆಸರು ಹಿಡಿದು ಬರಿ. ಜುಲೈ 4 ಅಂತ ಬರೆದರೆ ಯಾರಿಗೂ ಅನುಮಾನ ಬರಲ್ಲ" ಎಂದಳು.

ನೀವೂ ಹಾಗೇ ಮಾಡಿ. ನಿಮ್ಮ ದುಡ್ಡಿನ ಲೆಕ್ಕ ನಿಮ್ಮ ಕೈಯಲ್ಲೂ ಇರಲಿ.

ಅಭ್ಯಾಸ

1. 9/8/2025: ನಮ್ಮ ಪದ್ಧತಿಯಲ್ಲಿ ಇದು ಯಾವ ತಿಂಗಳು? ಅಮೆರಿಕದ ಪದ್ಧತಿಯಲ್ಲಿ ಯಾವ ತಿಂಗಳು?
2. 8/15/2025: ಇದರಲ್ಲಿ ತಿಂಗಳು ಯಾವುದು? ಹೇಗೆ ಗೊತ್ತಾಯಿತು? ಅವತ್ತು ಯಾವ ಹಬ್ಬ?
3. 17:30 ಎಂದರೆ ಸಂಜೆ ಎಷ್ಟು ಗಂಟೆ?
4. ನಿಮ್ಮ ಪಾಸ್ ಪುಸ್ತಕ ತೆರೆಯಿರಿ. ಕೊನೆಯ ಸಲ ಹಣ ಕಟ್ಟಿದ ತಾರೀಕನ್ನು ತಿಂಗಳ ಹೆಸರಿನ ಸಮೇತ ಬರೆಯಿರಿ.