ಕೆಂಗೇರಿಯ ಮಗಳಿಗೊಂದು ಕಾಗದ



ನೀರಿರುವ ಗ್ರಹದಲ್ಲೆಲ್ಲ ಜೀವ ಇರುತ್ತದೆಯೇ ಎಂದು ನೀನು ಕೇಳಿದ್ದೆ. ಅರ್ಧ ಉತ್ತರ ನಿಮ್ಮ ಕೆಂಗೇರಿಯಿಂದಾಚೆಗೇ ಇದೆ. ಬ್ಯಾಲಾಳು ಗ್ರಾಮದಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ ಆಕಾಶಕ್ಕೆ ಮುಖಮಾಡಿ ನಿಂತಿದೆ. 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದ ಮಂಗಳಯಾನದ ಮಾತು ಕೇಳಿಸಿಕೊಂಡ ಕಿವಿಗಳಲ್ಲಿ ಅದೂ ಒಂದು. ಆ ನೌಕೆಯಲ್ಲಿ ಮೀಥೇನ್ ಹುಡುಕುವ ಉಪಕರಣವಿತ್ತು. ನಮ್ಮಲ್ಲಿ ದನದ ಹೊಟ್ಟೆ, ಗದ್ದೆಯ ಕೆಸರು, ಗೋಬರ್ ಗ್ಯಾಸಿನ ಗುಂಡಿ, ಇಲ್ಲೆಲ್ಲ ಸೂಕ್ಷ್ಮಜೀವಿಗಳು ಹುಟ್ಟಿಸುವ ಅನಿಲ ಅದು. ಆದರೆ ಕಲ್ಲು, ನೀರು ಬೆರೆತರೂ ಹುಟ್ಟಬಲ್ಲದು. ಮೀಥೇನ್ ಸಿಕ್ಕಿದೊಡನೆ ಜೀವ ಸಿಕ್ಕಿತೆಂದು ಕುಣಿಯುವಂತಿಲ್ಲ.

ಮಂಗಳನಲ್ಲಿ ಒಂದು ಕಾಲಕ್ಕೆ ನದಿಗಳು ಹರಿದ ಗುರುತುಗಳಿವೆ. ಆದರೆ ಅದು ಚಿಕ್ಕ ಗ್ರಹ, ಗುರುತ್ವ ಭೂಮಿಯದರ ಶೇ. 38 ಮಾತ್ರ. ಒಡಲು ತಣ್ಣಗಾಗುತ್ತ ಕಾಂತಕ್ಷೇತ್ರ ಆರಿಹೋಯಿತು. ಸೌರಮಾರುತ ಅಲ್ಲಿನ ಗಾಳಿಯನ್ನು ಚೂರುಚೂರಾಗಿ ಹೊತ್ತೊಯ್ದಿತು. ಈಗ ಉಳಿದಿರುವ ಒತ್ತಡ ನಮ್ಮದರ ನೂರನೇ ಒಂದು ಪಾಲೂ ಇಲ್ಲ. ಅಂಥಲ್ಲಿ ನೀರು ನೀರಾಗಿ ನಿಲ್ಲದು. ಶುಕ್ರನ ಕಷ್ಟ ಬೇರೆ. ಗಾತ್ರದಲ್ಲಿ ಭೂಮಿಯ ಜೋಡಿಯೇ, ಆದರೆ ಇಂಗಾಲದ ಡೈಆಕ್ಸೈಡಿನ ದಪ್ಪ ಕಂಬಳಿಯೊಳಗೆ ಸುಮಾರು 460 ಡಿಗ್ರಿ ಬೇಗೆ.

ನನಗೆ ಇವೆಲ್ಲಕ್ಕಿಂತ ದೊಡ್ಡ ಅಚ್ಚರಿ ರಾಮನಗರದ ಬಂಡೆಗಳದು. ಆ ಊರಿನ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುವ ಆ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಅದು ಗಟ್ಟಿಯಾಗುವಾಗ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ! ಬಿಸಿಲುಂಡು ಬದುಕುವ ಬ್ಯಾಕ್ಟೀರಿಯಾಗಳು ಹೊರಬಿಟ್ಟ ಆಮ್ಲಜನಕ ಗಾಳಿಯಲ್ಲಿ ನಿಲ್ಲತೊಡಗಿದ್ದು ಆಮೇಲೆ. ನಾವು ಉಸಿರಾಡುತ್ತಿರುವುದು ಜೀವಗಳೇ ಮಾಡಿಟ್ಟ ಗಾಳಿ.

ಇನ್ನುಳಿದ ಅರ್ಧ ಉತ್ತರ ನಿಮ್ಮ ಮನೆಯ ಹತ್ತಿರವೇ ಹರಿಯುತ್ತಿದೆ. ರಾಜಾಜಿನಗರ, ವಿಜಯನಗರ ಕಡೆಯ ಕೊಳಚೆ ಹೊತ್ತು ಕೆಂಗೇರಿ ದಾಟುವ ವೃಷಭಾವತಿಯಲ್ಲಿ ನೀರಿಗೆ ಬರವಿಲ್ಲ. ಆದರೆ ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ, ಮೀನಿಗೆ ಉಸಿರು ಕಟ್ಟುತ್ತದೆ. ಈ ನೀರೇ ಅರ್ಕಾವತಿಯನ್ನು ಕೂಡಿ ಕಾವೇರಿಗೆ ಹೋಗುತ್ತದೆ, ಮಗಳೇ.

ದೂರದ ಗ್ರಹಗಳ ಪುಸ್ತಕ ಓದು, ಬೇಡವೆನ್ನುವುದಿಲ್ಲ. ಜೊತೆಗೆ ನಿಮ್ಮ ವಿಜ್ಞಾನದ ಮೇಡಂ ಹತ್ತಿರ, ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವುದನ್ನು ಕಲಿತುಕೋ. ಮೀನು ಬದುಕಲು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಬೇಕೆನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಮೇಡಂ ಜೊತೆಗೇ ಹೋಗಿ, ಕೈಗೆ ಗ್ಲೌಸ್ ಹಾಕಿಕೊಂಡು, ವೃಷಭಾವತಿಯ ಒಂದು ಬಾಟಲಿ ನೀರು ತೆಗೆದು ಅಳೆದು ನೋಡು. ಬಂದ ಅಂಕಿಯನ್ನು ಮುಂದಿನ ಕಾಗದದಲ್ಲಿ ನನಗೆ ಬರೆ.